ಅಪ್ಪಯ್ಯನ ಅಂಬಾಸಿಡರಿಗೆ ಮತ್ತೆ ಐದು ವರ್ಷ

ಅಪ್ಪಯ್ಯ ತೀರಿಕೊಂಡ ಮೇಲೆ ಮೂರು ಮಳೆಗಾಲ ಆ ಕಾರು ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೇ ನಿಂತಿತ್ತು. 2023ರ ಮಳೆ ಹಿಂದಾಗಿ, ಅಡಿಕೆಯ ಕೊನೆಕೊಯ್ಲು ಶುರುವಾಗಲು ಇನ್ನೂ ತಿಂಗಳಿದೆ ಅನ್ನುವಾಗ ಒಂದು ಬೆಳಿಗ್ಗೆ ಅದರ ಮೇಲಿನ ತಾಡಪತ್ರಿ ಎಳೆದೆ. ಹಿಂದಿನ ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ನಾಲ್ಕೂ ಟಯರು ನೆಲಕ್ಕೆ ಕೂತಿದ್ದವು. ಬಾಗಿಲು ತೆಗೆದಾಗ ಮಾತ್ರ ಹಳೆಯ ವಾಸನೆಯೇ ಬಂತು: ಡೀಸೆಲ್ಲು, ರೆಕ್ಸಿನ್ನು, ಡಿಕ್ಕಿಯಲ್ಲಿ ಸದಾ ಇರುತ್ತಿದ್ದ ಚಾಲಿ ಅಡಿಕೆಯ ಚೀಲ.

1991ರ ಅಂಬಾಸಿಡರ್ ನೋವಾ, ಡೀಸೆಲ್, ಕೆಎ-31 ನೋಂದಣಿ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ನಮ್ಮೂರಿನ ಹನ್ನೆರಡು ಮನೆಗಳಿಗೆ ಬಹಳ ವರ್ಷ ಅದೊಂದೇ ಕಾರು. ಹೆರಿಗೆ ನೋವು ಬಂದವರು, ಅಡಿಕೆ ಕೊನೆ ಕೊಯ್ಯಲು ಹತ್ತಿ ಮರದಿಂದ ಬಿದ್ದ ಕೊನೆಗೌಡರು, ಹಾವು ಕಡಿಸಿಕೊಂಡವರು ಎಲ್ಲರೂ ಅದರ ಹಿಂದಿನ ಸೀಟಿನಲ್ಲಿ ಮಲಗಿ ಶಿರಸಿಗೋ ಹುಬ್ಬಳ್ಳಿಗೋ ಹೋದವರೇ. ಅಪ್ಪಯ್ಯ ಯಾರ ಹತ್ತಿರವೂ ಬಾಡಿಗೆ ಕೇಳಿದ್ದು ನನಗೆ ನೆನಪಿಲ್ಲ. ಡೀಸೆಲ್ ಹಾಕಿಸಿಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ.

ನವರಾತ್ರಿಗೆ ಬಂದ ಭಾವ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಆರ್‌ಸಿ 2021ರಲ್ಲೇ ಮುಗಿದೋಯ್ದು. ಕಂಪನಿಯೇ ಮುಚ್ಚಿ ಹತ್ತು ವರ್ಷ ಆಗ್ತಾ ಬಂತು. ಗುಜರಿಗೆ ಹಾಕು ಮಾರಾಯ" ಅಂದ. ಆಯಿ ಅಡಿಗೆಮನೆಯಿಂದಲೇ, "ಗುಜರಿಗೆಲ್ಲ ಬ್ಯಾಡ ತಮಾ. ಆ ಕಾರಲ್ಲಿ ಎಷ್ಟು ಜನ ಆಸ್ಪತ್ರಿಗೆ ಹೋಗಿ ಬದುಕಿ ಬೈಂದ" ಅಂದಳು. ಮಾತು ಅಲ್ಲಿಗೆ ಮುಗಿಯಿತು. ಮರುವಾರ ಪಿಕಪ್ಪಿಗೆ ಹಗ್ಗ ಕಟ್ಟಿ ಕಾರನ್ನು ಶಿರಸಿಗೆ ಎಳೆಸಿಕೊಂಡು ಹೋದೆ.

ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ಅಪ್ಪಯ್ಯನ ಕಾಲದಿಂದಲೂ ಈ ಕಾರಿಗೆ ಅವರದೇ ಕೈ. ಗ್ಯಾರೇಜಿನಲ್ಲಿ ಈಗ ಬರುವುದೆಲ್ಲ ಮಾರುತಿ, ಬೊಲೆರೊ. ಮೂಲೆಯಲ್ಲಿ ಎರಡು ಟವೆರಾ. ಅವರು ಸ್ಕ್ರೂಡ್ರೈವರ್ ಹಿಡಿದು ಕಾರಿನ ಕೆಳಗೆ ಮಲಗಿ ತುಕ್ಕು ಹಿಡಿದ ಕಡೆಯಲ್ಲೆಲ್ಲ ಚುಚ್ಚಿ ನೋಡಿದರು. ಅರ್ಧ ಗಂಟೆ ಮಾತಾಡಲಿಲ್ಲ. ಎದ್ದು ಬಂದು, "ಹೆಗಡೇರೆ, ಬಾಡಿ ಗಟ್ಟಿ ಅದೆ. ಎಂಜಿನ್ನಿಗೂ ಎಂತೂ ಆಗಲಿಲ್ಲ. ಮುಂದಿನ ಎರಡೂ ಕಿಂಗ್‌ಪಿನ್ ಹೋಗ್ಯದೆ, ನಾಲ್ಕೂ ವೀಲ್ ಸಿಲಿಂಡರ್ ಹೋಗ್ಯದೆ, ವಾಟರ್ ಪಂಪ್ ಹೋಗ್ಯದೆ. ರಬ್ಬರಂತೂ ಒಂದೂ ಇಲ್ಲ. ಮಾಡಿಕೊಡ್ತೆ. ಆದರೆ ಸಾಮಾನು ತರೋದು ನಿಮ್ಮ ಕೆಲಸ" ಅಂದರು.

ಸಾಮಾನು ತರುವುದು ಅಂದರೇನು ಅಂತ ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ನಾಲ್ಕು ತಿಂಗಳು ನನ್ನ ತಲೆಯಲ್ಲಿ ಇದ್ದದ್ದು ಕಿಂಗ್‌ಪಿನ್ ಒಂದೇ.

ಕಾಗದದ ಕೆಲಸ ಮೊದಲು ಹೇಳಿಬಿಡುತ್ತೇನೆ, ಅದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಕಾರು ಅಪ್ಪಯ್ಯನ ಹೆಸರಲ್ಲಿತ್ತು. ಮಾಲೀಕ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31. ಅದರ ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಆಯಿ ಮತ್ತು ತಂಗಿಯ ಒಪ್ಪಿಗೆ ಬರೆದ ಅಫಿಡವಿಟ್ಟು. ತಂಗಿಯ ಸಹಿಗಾಗಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬಂದೆ. ಅದಾದ ಮೇಲೆ ನೋಂದಣಿ ನವೀಕರಣಕ್ಕೆ ಫಾರ್ಮ್ 25. ಹದಿನೈದು ವರ್ಷ ದಾಟಿದ ಕಾರಿಗೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಅದರ ಮೇಲೆ ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆಯ ಚೀಟಿ. ಕೌಂಟರಿನಲ್ಲಿದ್ದ ಹುಡುಗಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಕೊನೆಗೆ, "ಸರ್, ಗಾಡಿ ಓಡಿಸಿಕೊಂಡೇ ಬರಬೇಕು, ಬ್ರೇಕ್ ಇನ್‌ಸ್ಪೆಕ್ಟರ್ ನೋಡ್ತಾರೆ" ಅಂದಳು. ಅಂದರೆ ತಿರುಗಿ ಕಿಂಗ್‌ಪಿನ್ನಿಗೇ ಬಂತು.

ಕಿಂಗ್‌ಪಿನ್ ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವಾಗ ಅದಕ್ಕೆ ಆಧಾರವಾಗಿ ನಿಲ್ಲುವ ಗೂಟ. ಗೇಣುದ್ದದ ಉಕ್ಕಿನ ತುಂಡು. ಅದು ಸವೆದರೆ ಚಕ್ರ ಅಲ್ಲಾಡುತ್ತದೆ, ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಈಗಿನ ಕಾರುಗಳಲ್ಲಿ ಈ ವ್ಯವಸ್ಥೆಯೇ ಇಲ್ಲ, ಬಾಲ್ ಜಾಯಿಂಟ್ ಬಂದಿದೆ. ಹಾಗಾಗಿ ಶಿರಸಿಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸಿಕ್ಕಿತು, ಹೊಳೆಯುವ ಡಬ್ಬದಲ್ಲಿ. ಅಂಗಡಿಯವನು "ಒರಿಜಿನಲ್" ಅಂದ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ತೂಗಿದರು, ಅರ ಹಚ್ಚಿ ಒಂದು ಗೆರೆ ಎಳೆದರು. ಗೆರೆ ಬೆಣ್ಣೆಯ ಮೇಲೆ ಎಳೆದ ಹಾಗೆ ಬಿತ್ತು. "ಹದ ಕೊಡಲಿಲ್ಲ ಇದಕ್ಕೆ. ಸಾವಿರ ಕಿಲೋಮೀಟರಿಗೆ ಸವೀತದೆ. ದೇವಿಮನೇಲಿ ಹೋದ್ರೆ ನೀವು ಕೆಳಗೆ, ಕಾರು ಅದರ ಕೆಳಗೆ." ವಾಪಸು ತೆಗೆದುಕೊಳ್ಳಲು ಅಂಗಡಿಯವನು ಒಪ್ಪಲಿಲ್ಲ. ದುಡ್ಡು ಹೋದದ್ದಕ್ಕಿಂತ, ಜೀವ ನಿಂತಿರುವ ತುಂಡನ್ನು ಹೀಗೆ ಮಾಡಿ ಮಾರುವವರಿದ್ದಾರಲ್ಲ ಎಂಬುದಕ್ಕೆ ನನಗೆ ಬಹಳ ಬೇಜಾರಾಯಿತು.

ಆ ದಿನ ಗ್ಯಾರೇಜಿನ ಬೆಂಚಿನ ಮೇಲೆ ಕೂತು ನಾನು ಸಿಟ್ಟಿನಲ್ಲೇ ಹೇಳಿದೆ: ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ಥಾನ್ ಮೋಟರ್ಸ್, ಇಷ್ಟು ದೊಡ್ಡ ಕಂಪನಿ, ಮುಳುಗುವಾಗ ಸರ್ಕಾರ ನೋಡುತ್ತಾ ನಿಂತಿತಲ್ಲ, ಅಮೆರಿಕದಲ್ಲಿ ಜನರಲ್ ಮೋಟರ್ಸ್ ಮುಳುಗಿದಾಗ ಅವರ ಸರ್ಕಾರ ಉಳಿಸಿಕೊಂಡಿತು, ನಮ್ಮವರು ಯಾಕೆ ಉಳಿಸಲಿಲ್ಲ? ಮೇಸ್ತ್ರಿ ಒಂದು ಮಾತು ಹೇಳಿದರು. "ಉಳಿಸಲಿಲ್ಲ ಅಂತ್ರಾ? ಅದನ್ನ ನಲವತ್ತು ವರ್ಷ ಉಳಿಸ್ಕೊಂಡೇ ಬಂದಿದ್ದು ಸರ್ಕಾರ. ಅದಕ್ಕೇ ಹೋತು."

ಈ ಮಾತು ನನ್ನನ್ನು ಬಿಡಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಫೋನು ಮಾಡುತ್ತಾ, ಉತ್ತರಕ್ಕೆ ಕಾಯುತ್ತಾ ಇದ್ದ ವಾರಗಳಲ್ಲಿ ರಾತ್ರಿ ಊಟವಾದ ಮೇಲೆ ಈ ಕಂಪನಿಯ ಕಥೆ ಓದುತ್ತಾ ಹೋದೆ.

ಹಿಂದೂಸ್ಥಾನ್ ಮೋಟರ್ಸ್ ಹುಟ್ಟಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ, ಬಿರ್ಲಾ ಮನೆತನದ ಕೈಯಲ್ಲಿ. 1948ರಲ್ಲಿ ಕಲ್ಕತ್ತೆ ಪಕ್ಕದ ಉತ್ತರಪಾರಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯ ಅಚ್ಚು ತಂದು 1957ರ ಸುಮಾರಿಗೆ ಅಂಬಾಸಿಡರ್ ಮಾಡತೊಡಗಿತು. ಆಗ ಹೊರದೇಶದ ಕಾರಿಗೆ ಬಾಗಿಲು ಹಾಕಿದ ಕಾಲ. ಬಿಡಿಭಾಗ ತಂದು ಜೋಡಿಸುವುದಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಅಂತ ಸರ್ಕಾರ ನಿಯಮ ಮಾಡಿದ್ದರಿಂದ ಬೊಂಬಾಯಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ ಐವತ್ತರ ದಶಕದ ನಡುವೆಯೇ ಜಾಗ ಖಾಲಿ ಮಾಡಿತ್ತು, ಫೋರ್ಡ್ ಕೂಡ. ಉಳಿದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕು ಅನ್ನುವುದಕ್ಕೂ ಲೈಸೆನ್ಸು. ಕೊಳ್ಳುವವರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಮಂತ್ರಿಗಳಿಂದ ಹಿಡಿದು ಜಿಲ್ಲಾಧಿಕಾರಿಗಳ ತನಕ ಸರ್ಕಾರವೇ ದೊಡ್ಡ ಗಿರಾಕಿ. ಸಾಲು ಕರಗದಿದ್ದರೆ ಅಂಗಡಿಯವನು ಸಾಮಾನು ಬದಲಿಸುವುದಾದರೂ ಯಾಕೆ? ಮಾರ್ಕ್ ಎರಡು, ಮೂರು, ನಾಲ್ಕು, ನೋವಾ ಅಂತ ಹೆಸರು ಬದಲಾಯಿತು, ಮುಂದಿನ ಜಾಲರಿ ಬದಲಾಯಿತು. ಮೈ ಅದೇ ಉಳಿಯಿತು.

ಇದನ್ನು ಮೇಸ್ತ್ರಿಗೆ ಹೇಳಿದರೆ ಅವರಿಗೆ ಹೊಸದೇನೂ ಆಗಿರಲಿಲ್ಲ. ಅವರು ಕೈಯಲ್ಲೇ ತಿಳಿದವರು. "ಅರವತ್ತೈದರ ಗಾಡಿಗೂ ನಿಮ್ಮ ತೊಂಬತ್ತೊಂದರ ಗಾಡಿಗೂ ಎಷ್ಟೋ ಪಾರ್ಟು ಒಂದೇ. ನಮಗೆ ಅದು ಸುಖ. ಯಾವ ಹಳ್ಳಿಲಿ ನಿಂತ್ರೂ ಸುತ್ತಿಗೆ, ತಂತಿ ಇದ್ರೆ ಮನಿಗೆ ಬರ್ತಿತ್ತು. ಫ್ಯಾಕ್ಟರಿಗೆ ಅದೇ ವಿಷ ಆತು" ಅಂದರು. ನಾವು ಈ ಕಾರನ್ನು ಯಾವ ಗುಣಕ್ಕೆ ಪ್ರೀತಿಸಿದೆವೋ ಅದೇ ಗುಣ ಅದನ್ನು ತಿಂದಿತು ಅನ್ನುವುದು ನನಗೆ ಅವರ ಬಾಯಿಂದಲೇ ಮೊದಲು ತಿಳಿದದ್ದು.

ಎಂಬತ್ತರ ದಶಕದ ನಡುವೆ ವರ್ಷಕ್ಕೆ 24,000ದಷ್ಟು ಮಾರಾಟವಾಗುತ್ತಿದ್ದ ಅಂಬಾಸಿಡರ್ 2013-14ರಲ್ಲಿ ಸುಮಾರು 2,200ಕ್ಕೆ ಇಳಿದಿತ್ತು. ನಡುವೆ ಅವರು ಸುಮ್ಮನೆ ಕೂತಿದ್ದರು ಅಂದರೆ ತಪ್ಪಾಗುತ್ತದೆ. ಕಾಂಟೆಸ್ಸಾ ತಂದರು, ಇಸುಝು ಎಂಜಿನ್ನು ಕೂರಿಸಿದರು, ತಮಿಳುನಾಡಿನಲ್ಲಿ ಮಿತ್ಸುಬಿಷಿ ಜೊತೆ ಲಾನ್ಸರ್ ಮಾಡಿದರು. ಆದರೆ ಉತ್ತರಪಾರದ ಹಳೆಯ ಗೋಡೆಗಳ ಒಳಗೆ ಅಂಬಾಸಿಡರಿನ ಜಾಗದಲ್ಲಿ ನಿಲ್ಲುವ ಒಂದು ಹೊಸ ಕಾರು ಹುಟ್ಟಲೇ ಇಲ್ಲ. 2014ರ ಮೇ 24ರಂದು ಕೆಲಸ ನಿಲ್ಲಿಸಿದ ನೋಟೀಸು ಬಿತ್ತು. 2017ರಲ್ಲಿ ಅಂಬಾಸಿಡರ್ ಅನ್ನುವ ಹೆಸರು ಮಾತ್ರ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೊ ಕಂಪನಿಗೆ ಹೋಯಿತು.

ಅದೇ ಸರ್ಕಾರ ಇನ್ನೊಂದು ಕಾರು ಕಂಪನಿಯನ್ನು ಎತ್ತಿಕೊಂಡ ಕಥೆ ಇದರ ಪಕ್ಕದಲ್ಲೇ ಇದೆ. 1971ರಲ್ಲಿ ಸಂಜಯ್ ಗಾಂಧಿ ಶುರುಮಾಡಿದ ಮಾರುತಿ ಒಂದೂ ಕಾರು ಮಾರುಕಟ್ಟೆಗೆ ತರದೆ ದಿವಾಳಿಯಾಗಿತ್ತು. 1981ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾರುತಿ ಉದ್ಯೋಗ್ ಅಂತ ಮಾಡಿ, ಸರ್ಕಾರಿ ಕಂಪನಿ ನಡೆಸಿ ಗೊತ್ತಿದ್ದ ವಿ. ಕೃಷ್ಣಮೂರ್ತಿಯವರ ಕೈಗೆ ಕೊಟ್ಟಿತು. 1982ರಲ್ಲಿ ಸುಝುಕಿ ಜೊತೆ ಒಪ್ಪಂದ, 1983ರ ಡಿಸೆಂಬರಿನಲ್ಲಿ ಮಾರುತಿ 800. ಮೊದಲಿಗೆ ಸುಝುಕಿಗೆ 26 ಪ್ರತಿಶತ ಪಾಲು ಅಷ್ಟೇ. ಮುಂದೆ ಸರ್ಕಾರ ಮೆಲ್ಲಗೆ ಕೈ ಸಡಿಲಿಸುತ್ತಾ ಬಂದು 2007ರಲ್ಲಿ ಪೂರ್ತಿ ಹೊರಗೆ ಬಂತು. ಸತ್ತ ಕಂಪನಿಗೆ ಸರ್ಕಾರ ದುಡ್ಡು ಹಾಕಬಾರದು ಅಂತ ಯಾರಾದರೂ ಅಂದರೆ ನಾನು ಮಾರುತಿ ತೋರಿಸುತ್ತೇನೆ. ಆದರೆ ಅಲ್ಲಿ ಉಳಿದದ್ದು ಹಳೆಯ ಕಾರಲ್ಲ. ಹೊಸ ಕಾರು, ಹೊಸ ಕೆಲಸದ ರೀತಿ, ಕೆಲಸ ಗೊತ್ತಿದ್ದ ಪಾಲುದಾರ. ಹೆಸರೊಂದು ಬಿಟ್ಟು ಎಲ್ಲ ಬದಲಾಯಿತು. ಆ ಕಾರು ಬಂದ ಮೇಲೆ ಅಂಬಾಸಿಡರಿನ ಮುಂದಿನ ಸಾಲು ಕರಗಿತು. ಒಂದೇ ಸರ್ಕಾರ ಒಂದು ಕೈಯಲ್ಲಿ ಬೇಲಿ ಹಾಕಿ ಒಬ್ಬನನ್ನು ಮಲಗಿಸಿತು, ಇನ್ನೊಂದು ಕೈಯಲ್ಲಿ ಮತ್ತೊಬ್ಬನನ್ನು ಎಬ್ಬಿಸಿತು.

ಡಿಸೆಂಬರ್ ಹೊತ್ತಿಗೆ ಜೆ.ಸಿ. ರಸ್ತೆಯ ಒಬ್ಬ ಮುದುಕ ಅಂಗಡಿಯವರು, "ನಮ್ಮಲ್ಲಿ ಖಾಲಿ. ಕಲ್ಕತ್ತೆಯ ಮಲ್ಲಿಕ್ ಬಜಾರಿನಲ್ಲಿ ಕೇಳಿ" ಅಂತ ಒಂದು ನಂಬರು ಕೊಟ್ಟರು. ನನ್ನ ಮುರುಕು ಹಿಂದಿಯಲ್ಲಿ ಫೋನು ಮಾಡಿದೆ. ಆ ಕಡೆಯವರು ಯಾವ ವರ್ಷದ ಗಾಡಿ, ಯಾವ ಎಂಜಿನ್ನು, ಗೇರು ಸ್ಟೇರಿಂಗ್ ಪಕ್ಕವೋ ನೆಲದ ಮೇಲೋ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಇಷ್ಟು ಶ್ರದ್ಧೆಯಿಂದ ಕೇಳಿದವರು ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ. ಹಳೆಯ ಪಿನ್ನಿನ ಅಳತೆ ವರ್ನಿಯರ್ ಹಿಡಿದು ಕಳಿಸಿ ಅಂದರು. ಮೇಸ್ತ್ರಿ ಮೂರು ಕಡೆ ಅಳೆದು ಕೊಟ್ಟರು, ನಾನು ಫೋಟೊ ಕಳಿಸಿದೆ.

ಎರಡನೆಯ ಸಲ ಮಾತಾಡುವಾಗ ತಾನು ಹತ್ತೊಂಬತ್ತು ವರ್ಷ ಉತ್ತರಪಾರದಲ್ಲೇ ಕೆಲಸ ಮಾಡಿದವನು ಅಂತ ಹೇಳಿದರು. ಆ ಮೇ ತಿಂಗಳ ಬೆಳಿಗ್ಗೆ ಪಾಳಿಗೆ ಹೋದಾಗ ಗೇಟಿಗೆ ನೋಟೀಸು ಅಂಟಿತ್ತಂತೆ. ಎರಡು ಸಾವಿರಕ್ಕೂ ಮೀರಿ ಜನ. "ನಲವತ್ತೈದು ವರ್ಷದವನಿಗೆ ಯಾರು ಕೆಲಸ ಕೊಡುತ್ತಾರೆ? ನನಗೆ ಗೊತ್ತಿದ್ದದ್ದು ಈ ಗಾಡಿಯ ಸಾಮಾನು ಒಂದೇ. ಅದನ್ನೇ ಹಿಡಿದುಕೊಂಡೆ." ನಾನು ಕೇಳಿದೆ, ಸರ್ಕಾರ ಕಂಪನಿಯನ್ನು ಉಳಿಸಬೇಕಿತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಪನಿ ಬಿಡಿ. ನಾವು ಎರಡು ಸಾವಿರ ಜನ ಇದ್ದೆವಲ್ಲ" ಅಂದರು. ಆಮೇಲೆ ಕೊರಿಯರ್ ಖರ್ಚಿನ ಲೆಕ್ಕ ಹೇಳಿದರು.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ನನ್ನ ಸಿಟ್ಟೆಲ್ಲ ಕಾರಿಗಾಗಿ, ಕಿಂಗ್‌ಪಿನ್ನಿಗಾಗಿ, ಅಪ್ಪಯ್ಯನ ನೆನಪಿಗಾಗಿ ಇತ್ತು. ಆ ಕಿಂಗ್‌ಪಿನ್ ಮಾಡುತ್ತಿದ್ದ ಕೈಗಳ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ಸಂಕ್ರಾಂತಿಗೆ ಭಾವ ಮತ್ತೆ ಬಂದ. ಅವನದು ಎಂಜಿ ಹೆಕ್ಟರ್. ಆ ಹೊತ್ತಿಗೆ ನಾನು ಓದಿದ್ದು ಸಾಕಷ್ಟಿತ್ತು, ಅವನ ಕಾರಿನ ಮುಂದೆ ನಿಂತೇ ಹೇಳಿದೆ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್, ವಿಲಿಯಂ ಮಾರಿಸ್ ಆಕ್ಸ್‌ಫರ್ಡಿನಲ್ಲಿ ಇಟ್ಟಿದ್ದ ಅಂಗಡಿ. ನಮ್ಮ ಅಂಬಾಸಿಡರಿನ ಅಚ್ಚು ಕೊಟ್ಟ ಮಾರಿಸ್ ಕಂಪನಿಯೂ ಅವನದೇ. ನಿನ್ನ ಕಾರೂ ನನ್ನ ಕಾರೂ ದಾಯಾದಿಗಳು. ಇಷ್ಟೇ ಅಲ್ಲ, ಹೆಕ್ಟರ್ ತಯಾರಾಗುವ ಗುಜರಾತಿನ ಹಾಲೋಲ್ ಕಾರ್ಖಾನೆಯಲ್ಲಿ ತೊಂಬತ್ತರ ದಶಕದಲ್ಲಿ ಹಿಂದೂಸ್ಥಾನ್ ಮೋಟರ್ಸ್ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿ ಓಪೆಲ್ ಆಸ್ಟ್ರಾ ಮಾಡುತ್ತಿದ್ದವು. ಆಮೇಲೆ ಪೂರ್ತಿ ಜನರಲ್ ಮೋಟರ್ಸಿನದಾಯಿತು. 2017ರಲ್ಲಿ ಅದೂ ಬಿಟ್ಟು ಹೋಗಿ ಚೀನಾದ ಸೈಕ್ ಕಂಪನಿ ತೆಗೆದುಕೊಂಡಿತು. ಎಂಜಿ ಹೆಸರಿನ ಒಡೆಯರೂ ಈಗ ಅವರೇ. ಭಾವ ನಂಬದೆ ಫೋನಿನಲ್ಲಿ ನೋಡಿ, "ಹೌದನಾ!" ಅಂದ.

ಆ ಹೆಸರು ಚೀನಾಕ್ಕೆ ಹೋದ ದಾರಿಯೇ ಸರ್ಕಾರಗಳು ಕಾರು ಕಂಪನಿ ಉಳಿಸುವ ಬಗ್ಗೆ ನನಗೆ ಸಿಕ್ಕ ದೊಡ್ಡ ಪಾಠ. ಮಾರಿಸ್, ಆಸ್ಟಿನ್, ರೋವರ್, ಜಾಗ್ವಾರ್ ಎಲ್ಲ ಸೇರಿ 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಆಗ ಬ್ರಿಟನ್ನಿನಲ್ಲಿ ಮಾರಾಟವಾಗುವ ಹತ್ತು ಕಾರಿನಲ್ಲಿ ಹೆಚ್ಚುಕಡಿಮೆ ನಾಲ್ಕು ಅವರದು. ಒಂದೇ ಮನೆಯೊಳಗೆ ಹತ್ತು ಒಲೆ. ತಮ್ಮದೇ ಕಾರುಗಳು ಒಂದರ ಗಿರಾಕಿಯನ್ನು ಇನ್ನೊಂದು ಕಿತ್ತುಕೊಳ್ಳುತ್ತಿದ್ದವು, ಮುಷ್ಕರ ನಿಲ್ಲುತ್ತಿರಲಿಲ್ಲ, ಗುಣಮಟ್ಟ ಇಳಿಯಿತು. 1975ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು ದುಡ್ಡು ಸುರಿಯಿತು. 1988ರಲ್ಲಿ ಉಳಿದದ್ದನ್ನು ಬ್ರಿಟಿಷ್ ಏರೋಸ್ಪೇಸಿಗೆ, ಅವರು 1994ರಲ್ಲಿ ಬಿಎಂಡಬ್ಲ್ಯುಗೆ ಮಾರಿದರು. 2000ದಲ್ಲಿ ಬಿಎಂಡಬ್ಲ್ಯು ಅದನ್ನು ಹತ್ತು ಪೌಂಡಿಗೆ ಕೈದಾಟಿಸಿತು. 2005ರ ಏಪ್ರಿಲಿನಲ್ಲಿ ಲಾಂಗ್‌ಬ್ರಿಜ್ ಕಾರ್ಖಾನೆ ನಿಂತಾಗ ಸುಮಾರು 6,000 ಜನ ಬೀದಿಗೆ ಬಂದರು. ಮೂವತ್ತು ವರ್ಷ ಮುಂದೂಡಿದ ಸಾವು ಅದು.

ಅಮೆರಿಕದ್ದು ಬೇರೆ ರೀತಿ. ಅರವತ್ತರ ದಶಕದ ಆರಂಭದಲ್ಲಿ ಅಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧದಷ್ಟು ಜನರಲ್ ಮೋಟರ್ಸಿನದೇ. 2008ಕ್ಕೆ ಅದು ಕಾಲು ಪಾಲಿಗಿಂತ ಕೆಳಗೆ ಬಂದಿತ್ತು. ಲಾಭವೆಲ್ಲ ದೊಡ್ಡ ಟ್ರಕ್ಕು, ಎಸ್‌ಯುವಿಗಳಿಂದ, ಸಣ್ಣ ಕಾರಿನಲ್ಲಿ ಜಪಾನಿನವರು ಮುಂದೆ; ನಿವೃತ್ತರ ಪಿಂಚಣಿ, ಆಸ್ಪತ್ರೆ ಖರ್ಚಿನ ಹೊರೆ. ಪೆಟ್ರೋಲ್ ದರ ಏರಿ, ಬ್ಯಾಂಕುಗಳು ಬಿದ್ದಾಗ ತಡೆಯಲಿಲ್ಲ. 2009ರ ಜೂನ್ 1ರಂದು ದಿವಾಳಿ ಅರ್ಜಿ. ಸರ್ಕಾರ ಹಾಕಿದ್ದು ಸುಮಾರು 4,950 ಕೋಟಿ ಡಾಲರು. 2013ರ ಕೊನೆಗೆ ಎಲ್ಲ ಪಾಲು ಮಾರಿ ಹೊರಬಂದಾಗ ಸಾವಿರ ಕೋಟಿ ಡಾಲರಿಗೂ ಮೀರಿ ನಷ್ಟ. ಆದರೆ ದುಡ್ಡಿನ ಹೆಚ್ಚಿನ ಪಾಲು ಕೊಡುವ ಮೊದಲೇ ಮುಖ್ಯಸ್ಥನನ್ನು ಇಳಿಸಿದರು, ಪಾಂಟಿಯಾಕ್, ಸ್ಯಾಟರ್ನ್ ಹೆಸರಿನ ಕಾರುಗಳನ್ನು ನಿಲ್ಲಿಸಿದರು, ಹಳೆಯ ಷೇರುದಾರರಿಗೆ ಏನೂ ಉಳಿಯಲಿಲ್ಲ. ಅದಕ್ಕೂ ಮುಂಚೆ 1979ರಲ್ಲಿ ಕ್ರೈಸ್ಲರ್ ಎಂಬ ಇನ್ನೊಂದು ಕಾರು ಕಂಪನಿಗೆ ಅಲ್ಲಿನ ಸರ್ಕಾರ ಕೊಟ್ಟದ್ದು ದುಡ್ಡೂ ಅಲ್ಲ, 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು. ಕಾರ್ಮಿಕರು, ಬ್ಯಾಂಕುಗಳು ಎಲ್ಲರೂ ಒಂದಿಷ್ಟು ಬಿಟ್ಟುಕೊಡಬೇಕು ಅನ್ನುವ ಷರತ್ತಿನ ಮೇಲೆ. ಕ್ರೈಸ್ಲರಿನ ಮುಖ್ಯಸ್ಥ ಲೀ ಅಯಕೋಕಾ 1983ರಲ್ಲೇ, ಅವಧಿಗೆ ಏಳು ವರ್ಷ ಮೊದಲು, ಸಾಲ ತೀರಿಸಿದ.

ಆದರೂ ಜನರಲ್ ಮೋಟರ್ಸನ್ನು ಉಳಿಸಿದ ಕಥೆಯನ್ನು ಮೇಸ್ತ್ರಿಗೆ ಹೇಳುವಾಗ ಅವರು ಮೂಲೆಯ ಟವೆರಾಗಳ ಕಡೆ ಕೈ ತೋರಿಸಿದರು. "ಅದೇ ಕಂಪನಿ ಅಲ್ಲನ್ರಾ? ಅವು ಇಲ್ಲಿಂದ ಹೋದ್ವಲ್ಲ." ನಿಜ. ಅಮೆರಿಕದ ತೆರಿಗೆದಾರರ ದುಡ್ಡಿನಲ್ಲಿ ಬದುಕಿದ ಕಂಪನಿ ಮುಂದೆ ತನಗೆ ಲಾಭವಿಲ್ಲದ ದೇಶಗಳನ್ನು ಬಿಡುತ್ತಾ ಹೋಯಿತು. 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, 2020ರ ಕೊನೆಗೆ ತಳೇಗಾಂವ್ ಕಾರ್ಖಾನೆಯನ್ನೂ. ಯಾವ ಸರ್ಕಾರ ಉಳಿಸಿದರೂ ಅದು ಉಳಿಸುವುದು ತನ್ನ ಜನರನ್ನು. ಶಿರಸಿಯಲ್ಲಿ ಟವೆರಾ ಇಟ್ಟುಕೊಂಡು ಬಾಡಿಗೆ ಹೊಡೆಯುವವನು ಆ ಲೆಕ್ಕದಲ್ಲಿ ಬರುವುದಿಲ್ಲ.

ಇಲ್ಲಿ ನಾನು ನನ್ನ ತೋಟದ ಮಾತು ಹೇಳಲೇಬೇಕು. ಅಡಿಕೆ ಬೆಳೆಗಾರ ನಾನು. ಹೊರದೇಶದ ಅಡಿಕೆಗೆ ನೂರು ಪ್ರತಿಶತ ಆಮದು ಸುಂಕ ಇದೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351ಕ್ಕೆ ಏರಿಸಿದಾಗ ನಾನೂ ಖುಷಿಪಟ್ಟೆ. ಅದಕ್ಕಾಗಿ ಕೊಟ್ಟ ಮನವಿಯ ಮೇಲೆ ನನ್ನ ಸಹಿಯೂ ಇತ್ತು. ನಾನೂ ಒಂದು ಬೇಲಿಯ ಒಳಗೇ ಇದ್ದೇನೆ, ಉತ್ತರಪಾರ ಇದ್ದ ಹಾಗೆ. ಎಲೆಚುಕ್ಕಿ ರೋಗ ಬಂದು ಸೋಗೆ ಒಣಗುವಾಗ, ತೋಟದ ತುಂಬ ಒಂದೇ ಬೆಳೆ ಇಟ್ಟುಕೊಂಡು ನಾವು ಬೇಲಿಯೊಳಗೆ ಈ ವರ್ಷಗಳಲ್ಲಿ ಏನು ಮಾಡಿದೆವು ಅಂತ ಕೇಳಿಕೊಂಡರೆ ನನಗೆ ಉತ್ತರ ಹೇಳಲು ಕಷ್ಟ. ಹಿರಿಯರು ಹಾಗಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ದರ ಕುಸಿದಾಗ ಕರ್ನಾಟಕ, ಕೇರಳ ಸರ್ಕಾರಗಳ ಬೆಂಬಲ ತೆಗೆದುಕೊಂಡು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಕಟ್ಟಿದರು. ಸರ್ಕಾರದ ಆಸರೆ ಹಿಡಿದು ತಮ್ಮದೇ ಕಾಲು ಮಾಡಿಕೊಂಡರು. ಹಾಗಾಗಿ ಸರ್ಕಾರ ಯಾರನ್ನೂ ಎತ್ತಬಾರದು ಅಂತ ನಾನು ಹೇಳಲಾರೆ, ಹೇಳಿದರೆ ಅದು ಸುಳ್ಳಾಗುತ್ತದೆ. ಬೇಲಿ ಹಾಕುವಾಗಲೇ ಎಷ್ಟು ವರ್ಷ, ಆ ವರ್ಷಗಳಲ್ಲಿ ಒಳಗಿರುವವನು ಏನು ಮಾಡಿ ತೋರಿಸಬೇಕು ಅಂತ ಬರೆಯಬೇಕಿತ್ತು. ಅಂಬಾಸಿಡರಿಗೆ ಯಾರೂ ಹಾಗೆ ಬರೆಯಲಿಲ್ಲ. 2014ರಲ್ಲಿ ದುಡ್ಡು ಸುರಿದಿದ್ದರೆ ಇನ್ನೊಂದು ಲಾಂಗ್‌ಬ್ರಿಜ್ ಆಗುತ್ತಿತ್ತು ಅಷ್ಟೆ. ಆದರೆ ಆ ಎರಡು ಸಾವಿರ ಜನರ ಬಾಕಿ, ಅವರಿಗೆ ಬೇರೆ ಕೆಲಸದ ತರಬೇತಿ, ಓಡುತ್ತಿದ್ದ ಕಾರುಗಳಿಗೆ ಇನ್ನೊಂದು ಹದಿನೈದು ವರ್ಷ ಸರಿಯಾದ ಬಿಡಿಭಾಗ ಸಿಗುವ ಏರ್ಪಾಡು, ಇಷ್ಟಕ್ಕೆ ಸರ್ಕಾರ ಮುಂದೆ ಬಂದಿದ್ದರೆ ನಾನು ತೆರಿಗೆ ಕಟ್ಟುವವನಾಗಿ ಸಂತೋಷಪಡುತ್ತಿದ್ದೆ.

ಕಲ್ಕತ್ತೆಯ ಪೆಟ್ಟಿಗೆ ಜನವರಿ ಕೊನೆಗೆ ಬಂತು. ಗೋಣಿ ಸುತ್ತಿ, ಒಳಗೆ ಬಂಗಾಳಿ ಪತ್ರಿಕೆಯಲ್ಲಿ ಒಂದೊಂದು ಸಾಮಾನೂ ಬೇರೆ ಬೇರೆ ಕಟ್ಟಿ, ಗ್ರೀಸು ಹಚ್ಚಿ ಕಳಿಸಿದ್ದರು. ಮೇಸ್ತ್ರಿ ಕಿಂಗ್‌ಪಿನ್ ಒರೆಸಿ ಅರ ಹಚ್ಚಿದರು. ಅರ ಜಾರಿತು, ಗೆರೆ ಬೀಳಲಿಲ್ಲ. "ಇದು ಹಳೇ ಮಾಲು" ಅಂದರು, ಮೊಮ್ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು. ಒಂದು ಬುಷ್ ಮಾತ್ರ ಅಳತೆಗೆ ಕೂರಲಿಲ್ಲ. ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ತುಂಡಿನಿಂದ ಹೊಸದು ಕಡೆಸಿದೆವು. ವೀಲ್ ಸಿಲಿಂಡರು, ಹೋಸು, ವಾಟರ್ ಪಂಪು, ಹಿಂದಿನ ಪಾಟಾದ ಬುಷ್ಷು ಹಾಕಿ, ಇಲಿ ಕಡಿದ ವೈರಿಂಗನ್ನೆಲ್ಲ ಹೊಸದಾಗಿ ಎಳೆದು, ಫೆಬ್ರವರಿಯ ಎರಡನೆಯ ವಾರ ಎಂಜಿನ್ನು ಕೂಗಿತು. ಆಯಿಗೆ ಫೋನಿನಲ್ಲಿ ಆ ಸದ್ದು ಕೇಳಿಸಿದೆ.

ಮೊದಲ ಸಲ ಬ್ರೇಕ್ ಇನ್‌ಸ್ಪೆಕ್ಟರ್ ಪಾಸು ಮಾಡಲಿಲ್ಲ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಾಗ ಕಾರು ಗೇಣಿನಷ್ಟು ಹಿಂದೆ ಜಾರಿತು. ಎಡ ಹೆಡ್‌ಲೈಟು ಮೇಲಕ್ಕೆ ನೋಡುತ್ತಿತ್ತು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು, ಘಟ್ಟದ ಊರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯದ ಗಾಡಿಗೆ ಸಹಿ ಹಾಕುವುದು ಹೇಗೆ? ವಾಪಸು ಬಂದು ಕೇಬಲ್ಲು ಬದಲಿಸಿ, ಲೈನರ್ ಉಜ್ಜಿ ಕೂರಿಸಿ, ಒಂಬತ್ತು ದಿನದ ಮೇಲೆ ಮತ್ತೆ ಹೋದೆವು. ಈ ಸಲ ಅವರು ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಹಳೆಯ ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿದರು. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಚಕ್ರ ಅಲ್ಲಾಡಲಿಲ್ಲ. "ಕಿಂಗ್‌ಪಿನ್ ಎಲ್ಲಿ ಸಿಕ್ತು ನಿಮಗೆ?" ಅಂತ ಕೇಳಿದರು. ಕಲ್ಕತ್ತೆ ಅಂದೆ. ತಮ್ಮ ತಂದೆಯದೂ ಅಂಬಾಸಿಡರ್ ಇತ್ತು ಅಂತ ಹೇಳಿ ಸಹಿ ಹಾಕಿದರು. ಐದು ವರ್ಷ.

ಅಂದು ಸಂಜೆ ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾರಿಗುಡಿಗೆ ಹೋಗಿ ಬಂದೆ. ಗುಡಿ ಎದುರು ಗಾಡಿ ನಿಲ್ಲಿಸಿದಾಗ ನಮ್ಮೂರಿನದೇ ಒಬ್ಬ ಹೆಂಗಸು ಗುರುತು ಹಿಡಿದು ಹತ್ತಿರ ಬಂದು ಬಾಗಿಲು ಮುಟ್ಟಿದಳು. ಇದರಲ್ಲೇ ತನ್ನ ಮಗ ಹುಟ್ಟುವ ದಿನ ಬಂದದ್ದು ಅಂದಳು. ಮಗ ಈಗ ಬೆಂಗಳೂರಿನಲ್ಲಿದ್ದಾನಂತೆ.

ಮರುದಿನ ಕಲ್ಕತ್ತೆಗೆ ಫೋನು ಮಾಡಿ ಪಾಸಾಯಿತು ಅಂತ ತಿಳಿಸಿದೆ. ಅವರು ಬಹಳ ಹೊತ್ತು ನಕ್ಕರು. ಇನ್ನು ಎಷ್ಟು ಜೊತೆ ಕಿಂಗ್‌ಪಿನ್ ನಿಮ್ಮ ಹತ್ತಿರ ಇದೆ ಅಂತ ಕೇಳಿದೆ. ಹನ್ನೊಂದು ಅಂದರು. ಒಂದು ಜೊತೆ ನನಗೆ ತೆಗೆದಿಡಿ ಅಂದೆ. ದುಡ್ಡು ಅವತ್ತೇ ಕಳಿಸಿದೆ.